ಮಾತುಕೊಳವೆಯ ಪಾಲು

ಒಂದು ಕಾಡಿನಲ್ಲಿ, ಹೊಳೆಯ ಈಚೆ ದಡದಲ್ಲಿ, ಸೂಜಿ ಎಂಬ ಮುಳ್ಳುಹಂದಿ ಇದ್ದಳು. ಅವಳ ತಂಗಿ ಮೊನೆ ಆಚೆ ದಡದ ಗುಡ್ಡದಲ್ಲಿ ಸಂಸಾರ ಹೂಡಿದ್ದಳು. ನಡುವೆ ಸೇತುವೆಯಂತಿದ್ದ ಮರ ಪ್ರವಾಹಕ್ಕೆ ಕೊಚ್ಚಿಹೋದ ಮೇಲೆ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೆ ಮರಕುಟಿಗ ಟೊಕ್ಕಜ್ಜನ ಕಾರ್ಖಾನೆಯ ಬಿದಿರಿನ ಮಾತುಕೊಳವೆ ಹೊಳೆ ದಾಟಿ ಹೋಗಿತ್ತು. ಅದರಲ್ಲಿ ದಿನವೂ ಮಾತಾಡುತ್ತಿದ್ದರು. ಗೆಡ್ಡೆ ಗೆಣಸು ಕೊಟ್ಟವರಿಗೆ ಅಜ್ಜ ಕಾರ್ಖಾನೆಯ ಪಾಲೆಂದು ತೊಗಟೆಯ ಚಕ್ಕೆ ಕೊಡುತ್ತಿದ್ದ. ಸೂಜಿಯ ಬಳಿಯೂ ಕೆಲವು ಇದ್ದವು.

ಆ ವರ್ಷ ಕೊಳವೆಗಳಿಗೆ ಗೆದ್ದಲು ಹಿಡಿಯಿತು. ಮೊನೆಯ ದನಿ ನಿಂತುಹೋಯಿತು. ಚಕ್ಕೆಯ ಬೆಲೆ ನೆಲಕಚ್ಚಿತು. ಸೂಜಿ ಮಾತ್ರ ಸಂಜೆಯಾದರೆ ಕೊಳವೆಗೆ ಕಿವಿಯಿಟ್ಟು ಕೂರುತ್ತಿದ್ದಳು. ಒಳಗೆ ಗೆದ್ದಲು ಕೆರೆಯುವ ಸದ್ದಷ್ಟೇ ಕೇಳುತ್ತಿತ್ತು.

ಹೀಗಿರಲು ಚಕ್ಕೆಯ ಬೆಲೆ ಇದ್ದಕ್ಕಿದ್ದಂತೆ ಏರತೊಡಗಿತು. ನರಿ ಹೊಂಚಯ್ಯ ಮೊದಲೇ ರಾಶಿ ಚಕ್ಕೆ ಕೂಡಿಟ್ಟಿದ್ದ. ಈಗ ತನ್ನ ಬಳಗದವರಿಂದಲೇ ದಿನದಿನಕ್ಕೂ ಹೆಚ್ಚು ಗೆಡ್ಡೆ ಕೊಟ್ಟು ಇನ್ನಷ್ಟು ಕೊಳ್ಳುತ್ತಿದ್ದ. ಬೆಲೆ ಏರಿಸಿ ಕೊನೆಗೆ ಎಲ್ಲವನ್ನೂ ಬೇರೆಯವರಿಗೆ ಮಾರುವುದು ಅವನ ಹೊಂಚು. ಇದು ಬಳಗದ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅವನು ಸೂಜಿಯ ಬಿಲಕ್ಕೂ ಬಂದ.

"ಸೂಜಕ್ಕ, ಬೆಲೆ ಸುಮ್ಮನೆ ಏರುತ್ತದೆಯೇ? ಕೊಳವೆ ಮತ್ತೆ ಮಾತಾಡುವುದು ಯಾರಿಗೋ ತಿಳಿದಿರಬೇಕು" ಎಂದ.

ಸೂಜಿ ನಂಬಿದಳು. ಅವಳಿಗೆ ನಂಬಬೇಕಿತ್ತು. ಮಳೆಗಾಲಕ್ಕೆಂದು ಕೂಡಿಟ್ಟ ಗೆಡ್ಡೆಯನ್ನೆಲ್ಲ ಅವನಿಂದ ಚಕ್ಕೆ ಕೊಳ್ಳಲು ಬಾಗಿಲಿಗೆ ಎಳೆದಿಟ್ಟಳು. ಆದರೆ ಆ ಸಿಹಿಸುದ್ದಿಯನ್ನು ಅಜ್ಜನ ಬಾಯಿಂದಲೇ ಕೇಳುವ ಆಸೆಯಾಗಿ ಮೊದಲು ಕಾರ್ಖಾನೆಗೆ ನಡೆದಳು.

ಅಲ್ಲಿ ಕೊಕ್ಕಿನ ಸದ್ದೇ ಇರಲಿಲ್ಲ. ಅರ್ಧ ಪುಡಿಯಾದ ಬಿದಿರುಗಳ ನಡುವೆ ಅಜ್ಜ ಒಬ್ಬನೇ ಕೂತಿದ್ದ.

"ಮೊನೆ ಮತ್ತೆ ಯಾವಾಗ ಮಾತಾಡುತ್ತಾಳಜ್ಜ?"

ಅಜ್ಜ ತಲೆ ತಗ್ಗಿಸಿದ. "ಗೊತ್ತಿಲ್ಲ ಮಗಳೇ. ಗೆದ್ದಲು ತಿನ್ನದ ಬಿದಿರು ಇನ್ನೂ ಸಿಕ್ಕಿಲ್ಲ. ಹೊಸ ಕೊಳವೆ ಬೇಕೆಂದು ಯಾರೂ ಬಂದಿಲ್ಲ. ಬೆಲೆ ಯಾಕೆ ಏರಿತೋ ನಾನರಿಯೆ."

ಸೂಜಿ ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದು ಗೆಡ್ಡೆಗಳನ್ನು ಒಂದೊಂದಾಗಿ ಒಳಗಿಟ್ಟಳು. ಕೇಳಿದವರಿಗೆಲ್ಲ ಕಂಡದ್ದನ್ನು ಹೇಳಿದಳು. ಮತ್ತೆ ಯಾರೂ ಚಕ್ಕೆ ಕೊಳ್ಳಲಿಲ್ಲ. ಹೊಂಚಯ್ಯನ ಗೆಡ್ಡೆಯ ದಾಸ್ತಾನೆಲ್ಲ ಬಳಗದವರ ಹೊಟ್ಟೆ ಸೇರಿತ್ತು. ಅವನ ಪಾಲಿಗೆ ತೊಗಟೆಯ ರಾಶಿಯಷ್ಟೇ ಉಳಿಯಿತು.

ಮಳೆ ಹಿಡಿದ ಒಂದು ದಿನ ಅವನು ನೆನೆಯುತ್ತ ಸೂಜಿಯ ಬಾಗಿಲಿಗೆ ಬಂದ. ಒಂದು ಹೊತ್ತಿನ ಊಟಕ್ಕೆ ಚಕ್ಕೆಗಳನ್ನೆಲ್ಲ ಕೊಡುವೆನೆಂದ. ಸೂಜಿ ಗೆಡ್ಡೆ ಕೊಟ್ಟಳು. ಚಕ್ಕೆಗಳನ್ನು ಹಿಂದಕ್ಕೆ ತಳ್ಳಿದಳು.

"ನನಗೆ ಬೇಕಾದದ್ದು ಇವುಗಳಲ್ಲಿಲ್ಲ" ಎಂದಳು.

ಆಮೇಲೆ ಹೊಳೆಯಾಚೆ ನೋಡುತ್ತ ನಿಂತಳು. ಮಳೆಯಲ್ಲಿ ಗುಡ್ಡ ಕಾಣಿಸಲಿಲ್ಲ.

ನೀತಿ: ಬೆಲೆ ಏರಿದ ಮಾತ್ರಕ್ಕೆ ಹುರುಳು ಹೆಚ್ಚುವುದಿಲ್ಲ, ಮನಸ್ಸು ತುಂಬ ಬಯಸುವ ಸುದ್ದಿಯನ್ನು ನಂಬುವ ಮೊದಲು ಹೋಗಿ ಕಣ್ಣಾರೆ ನೋಡಬೇಕು.