ಅಮ್ಮನ ಕಾಲು ತೊಳೆಯುವ ಹೋಂವರ್ಕು

ಚೀನಾ ದೇಶದಲ್ಲಿ ಒಂದು ನದಿ. ನದಿಯ ದಂಡೆಯಲ್ಲಿ ಒಂದು ಸಣ್ಣ ಶಾಲೆ. ಆ ಶಾಲೆಯ ನಾಲ್ಕನೇ ತರಗತಿಗೆ ಶೆನ್ ಅಂತ ಒಬ್ಬರು ವಯಸ್ಸಾದ ಮೇಷ್ಟ್ರು.

ಅಲ್ಲಿನ ಮಕ್ಕಳಿಗೆ ಹೋಂವರ್ಕು ಅಂದರೆ ಬರೀ ಲೆಕ್ಕ, ಪದ್ಯ, ಪಾಠ ಅಷ್ಟೇ ಅಲ್ಲ. ವರ್ಷಕ್ಕೊಂದು ಸಲ ಒಂದು ವಿಚಿತ್ರ ಹೋಂವರ್ಕು ಬರುತ್ತದೆ. ಮನೆಗೆ ಹೋಗಿ ಬಿಸಿನೀರಿನಲ್ಲಿ ಅಮ್ಮನ ಕಾಲು ತೊಳೆಯಬೇಕು. ತೊಳೆದು, ಅದನ್ನೇ ಪ್ರಬಂಧ ಮಾಡಿ ಬರೆದು ತರಬೇಕು.

ಹೆತ್ತವರ ಮೇಲೆ ಮಕ್ಕಳಿಗೆ ಅಕ್ಕರೆ ಬೆಳೆಯಲಿ ಅಂತ ದೊಡ್ಡವರು ಮಾಡಿಟ್ಟ ಏರ್ಪಾಡು ಇದು. ದೊಡ್ಡವರು ಸುಮ್ಮನೆ ಕೂರುವುದಿಲ್ಲ, ಇಂಥದ್ದೇನಾದರೂ ಮಾಡುತ್ತಲೇ ಇರುತ್ತಾರೆ.

ಆ ವರ್ಷ ಪುಸ್ತಕಗಳನ್ನೆಲ್ಲ ತಿದ್ದಿದ ಮೇಲೆ ಶೆನ್ ಮೇಷ್ಟ್ರು ತರಗತಿಗೆ ಬಂದು ನಿಂತರು.

"ಒಟ್ಟು ಮೂವತ್ತೊಂದು ಪ್ರಬಂಧ ಓದಿದೆ. ಇಪ್ಪತ್ತೊಂಬತ್ತರಲ್ಲಿ ಅಮ್ಮನ ಕಣ್ಣೀರು ಟಪ್ ಅಂತ ಬೋಗುಣಿಗೆ ಬಿದ್ದಿದೆ. ಇಷ್ಟೊಂದು ಅತ್ತಿದ್ದರೆ ನದಿ ಉಕ್ಕಿ ಶಾಲೆಯೊಳಗೆ ನೀರು ನುಗ್ಗಬೇಕಿತ್ತಲ್ಲ ಮಕ್ಕಳೇ?"

ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಸೂಲಾನ್ ಮಾತ್ರ ನಗಲಿಲ್ಲ. ಬೋಗುಣಿಗೆ ಅತಿ ಚೆಂದವಾಗಿ ಕಣ್ಣೀರು ಬೀಳಿಸಿದವಳು ಅವಳೇ.

ಸೂಲಾನ್‌ಗೆ ಹತ್ತು ವರ್ಷ. ಎರಡು ಜಡೆ, ಕುತ್ತಿಗೆಗೆ ಎಲ್ಲರ ಹಾಗೆ ಕೆಂಪು ಸ್ಕಾರ್ಫು. ಎರಡು ವರ್ಷದ ಕೂಸಾಗಿದ್ದಾಗ ಅವಳನ್ನು ಅಜ್ಜಿಯ ಮಡಿಲಿಗೆ ಹಾಕಿ ಅಪ್ಪ ಅಮ್ಮ ದಕ್ಷಿಣದ ಕಾರ್ಖಾನೆಗಳಿಗೆ ಹೋದರು. ಹೊಸ ವರ್ಷದ ಹಬ್ಬಕ್ಕೆ ಒಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಅದೂ ಇಲ್ಲ. ಉಳಿದ ದಿನವೆಲ್ಲ ಫೋನಿನಲ್ಲಿ ಮುಖ ನೋಡುವುದು. ಮುಖ ಚೆನ್ನಾಗಿ ಗೊತ್ತಿತ್ತು ಅವಳಿಗೆ. ಫೋನಿನಲ್ಲಿ ಕಾಲು ಯಾರು ತೋರಿಸುತ್ತಾರೆ?

ಈ ಸಲ ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ಅಮ್ಮ ನಾಲ್ಕು ದಿನದ ರಜೆ ಹಾಕಿ ಬಂದಿದ್ದಳು. ಮಗಳಿಗೆ ಅಂತ ಹೊಸ ಶೂ ತಂದಿದ್ದಳು. ಶೂ ಬಿಗಿ. ಸೂಲಾನ್ ಹಾಕಿಕೊಂಡು "ಸರಿಯಾಗಿದೆ" ಅಂದಳು. ಹಾಗೆ ಅಂದದ್ದು ಬಿಟ್ಟರೆ ನಾಲ್ಕು ದಿನದಲ್ಲಿ ಬೇರೆ ಮಾತು ಬಹಳ ಆಡಿರಲಿಲ್ಲ. ಮನೆಗೆ ಬಂದ ನೆಂಟರ ಎದುರು ಮಕ್ಕಳು ಬಾಗಿಲ ಹಿಂದೆ ನಿಲ್ಲುತ್ತವಲ್ಲ, ಹಾಗೆ ನಿಂತಿದ್ದಳು.

ಹೋಂವರ್ಕಿನ ದಿನ ನೀರು ಕಾಯಿಸಿದ್ದೇನೋ ನಿಜ. ಬೋಗುಣಿ ಎತ್ತಿಕೊಂಡು ಹೊಸ್ತಿಲ ತನಕ ಹೋದದ್ದೂ ನಿಜ. ಅಮ್ಮ ಸ್ಟೂಲಿನ ಮೇಲೆ ಕೂತು ಬಟ್ಟೆಗೆ ಗುಂಡಿ ಹಚ್ಚುತ್ತಿದ್ದಳು. ದಪ್ಪ ಕಾಲುಚೀಲ ಹಾಕಿದ್ದಳು. ಕೇಳುವುದು ಹೇಗೆ? ಅಲ್ಲೇ ನಿಂತು ನಿಂತು ನೀರು ಆರಿಹೋಯಿತು. ಅದನ್ನು ಹಿತ್ತಲಿನ ಈರುಳ್ಳಿ ಗಿಡಕ್ಕೆ ಹೊಯ್ದು, ಅಡುಗೆಮನೆಯ ಮೇಜಿಗೆ ಹೋಗಿ ಕೂತು, ಪಟಪಟನೆ ಪ್ರಬಂಧ ಬರೆದುಬಿಟ್ಟಳು.

"ಏನು ಬರೀತಿದ್ದೀಯ ಮಗೂ?" ಅಂತ ಅಮ್ಮ ಕೇಳಿದಳು.

"ಹೋಂವರ್ಕು," ಅಂದು ಪುಸ್ತಕ ಮುಚ್ಚಿದಳು.

ಇತ್ತ ಶಾಲೆಯಲ್ಲಿ ಮಧ್ಯಾಹ್ನದ ಊಟವಾಯಿತು. ಅಲ್ಲಿ ಊಟವಾದ ಮೇಲೆ ಮಕ್ಕಳೆಲ್ಲ ಡೆಸ್ಕಿನ ಮೇಲೆ ತಲೆಯಿಟ್ಟು ಒಂದು ಗಳಿಗೆ ನಿದ್ದೆ ಮಾಡಬೇಕು, ಅದೂ ಪಾಠದಷ್ಟೇ ಕಡ್ಡಾಯ. ಎಲ್ಲರ ತಲೆ ಕೆಳಗೆ ಹೋದಾಗ ಶೆನ್ ಮೇಷ್ಟ್ರು ಸೂಲಾನಳ ಭುಜ ಮುಟ್ಟಿ, ಬಾ ಅಂತ ಸನ್ನೆ ಮಾಡಿದರು.

ಹೊರಗೆ ಕೈತೊಳೆಯುವ ಕಟ್ಟೆಯ ಹತ್ತಿರ ನಿಂತರು.

"ನಿನ್ನ ಪ್ರಬಂಧ ಬಹಳ ಚೆನ್ನಾಗಿದೆ. ನಾಳೆ ಇಡೀ ಶಾಲೆಯ ಮುಂದೆ ಓದಿಸಿ ಅಂತ ಮುಖ್ಯೋಪಾಧ್ಯಾಯರು ಹೇಳಿದ್ದಾರೆ."

ಸೂಲಾನಳ ಕಿವಿ ಕೆಂಪಾಯಿತು.

"ನನಗೊಂದು ಸಣ್ಣ ಅನುಮಾನ. ಅಮ್ಮನ ಅಂಗಾಲು ಹೂವಿನ ಎಸಳಿನ ಹಾಗೆ ಮೆತ್ತಗಿತ್ತು ಅಂತ ಬರೆದಿದ್ದೀಯ."

"ಹೌದು ಮೇಷ್ಟ್ರೇ."

"ಅಮ್ಮ ಏನು ಕೆಲಸ ಮಾಡ್ತಾರೆ?"

"ಜಾಕೆಟ್ ಹೊಲೀತಾರೆ. ಮಿಷನ್ನಿನಲ್ಲಿ."

"ದಿನಕ್ಕೆ ಎಷ್ಟು ಹೊತ್ತು?"

"ಹನ್ನೊಂದು ಗಂಟೆ."

ಮೇಷ್ಟ್ರು ಮುಂದೇನೂ ಕೇಳಲಿಲ್ಲ. ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದರು. ಬೈದಿದ್ದರೆ ಸೂಲಾನ್ ತಡೆದುಕೊಳ್ಳುತ್ತಿದ್ದಳೋ ಏನೋ. ಈ ಸುಮ್ಮನಿರುವುದನ್ನು ತಡೆಯಲಾಗಲಿಲ್ಲ ಪಾಪ, ಮಗುವಿಗೆ.

"ನಾನು ತೊಳೀಲಿಲ್ಲ ಮೇಷ್ಟ್ರೇ."

"ಯಾಕೆ?"

"ಅವರನ್ನ ಕೇಳೋಕೆ ಆಗಲಿಲ್ಲ."

"ಅವರು ಅಂದರೆ ಯಾರು?"

ಸೂಲಾನ್ ಶೂ ನೋಡಿಕೊಂಡಳು. "ಅಮ್ಮ."

"ಕೇಳೋಕೆ ಏನು ಕಷ್ಟ?"

"ನಿಮ್ಮ ಕಾಲು ಕೊಡಿ ಅಂತ ಹೇಗೆ ಕೇಳೋದು ಮೇಷ್ಟ್ರೇ? ಮಾತೇ ಆಡಿಲ್ಲ, ಒಂದೇ ಸಲ ಕಾಲು ಕೊಡಿ ಅಂದರೆ?" ಅವಳು ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಸಿಟ್ಟೂ ಬರುತ್ತೆ. ಅವರು ಬರ್ತಾರೆ ಅಂತ ದಿನಾ ಕಾಯ್ತೀನಿ. ಬಂದ ಮೇಲೆ ಸಿಟ್ಟು ಬರುತ್ತೆ."

"ಬರಲಿ ಬಿಡು. ಅಮ್ಮ ವಾಪಸ್ ಹೊರಡೋದು ಯಾವಾಗ?"

"ಇವತ್ತೇ. ಎರಡು ಗಂಟೆ ಬಸ್ಸಿಗೆ."

"ಮತ್ತೆ ಬರೋದು?"

"ವರ್ಷದ ಹಬ್ಬಕ್ಕೆ. ರಜೆ ಕೊಟ್ಟರೆ."

ಮೇಷ್ಟ್ರು ಗಡಿಯಾರ ನೋಡಿದರು. ಒಂದು ದಾಟಿ ಐದು ನಿಮಿಷ. ಕಟ್ಟೆಯ ಕೆಳಗೆ ನೆಲ ಒರೆಸಲು ಇಟ್ಟಿದ್ದ ಬೋಗುಣಿಯನ್ನು ಹೊರಗೆಳೆದರು. ಅಂಚಿನಲ್ಲಿ ಬಣ್ಣ ಕಿತ್ತುಹೋಗಿ, ತಳದಲ್ಲಿ ಎರಡು ಕೆಂಪು ಮೀನಿನ ಚಿತ್ರ ಇದ್ದ ಹಳೇ ಬೋಗುಣಿ. ಅದನ್ನು ಚೆನ್ನಾಗಿ ತೊಳೆದು ಅವಳ ಕೈಗೆ ಕೊಟ್ಟರು.

"ತಗೊಂಡು ಮನೆಗೆ ಓಡು."

"ಮನೇಲಿ ಬೋಗುಣಿ ಇದೆ ಮೇಷ್ಟ್ರೇ."

"ಇರುತ್ತೆ. ಬರಿಗೈಲಿ ಹೋದರೆ ನೀನು ಮತ್ತೆ ಹೊಸ್ತಿಲಲ್ಲೇ ನಿಲ್ತೀಯ. ಇದನ್ನ ಹೊತ್ಕೊಂಡು ಹೋದರೆ, ಇದೇನೇ ಅಂತ ಅವರೇ ಕೇಳ್ತಾರೆ."

"ಪ್ರಬಂಧ?"

"ಅದು ಎಲ್ಲಿಗೂ ಹೋಗೋಲ್ಲ. ಬಸ್ಸು ಹೋಗುತ್ತೆ. ಓಡು!"

ಓಡಿದಳು ನೋಡಿ, ಬೋಗುಣಿಯನ್ನು ಎದೆಗೆ ಒತ್ತಿಕೊಂಡು, ದಂಡೆಯ ಮೇಲೆ, ಸಾಸಿವೆ ಹೊಲಗಳ ಪಕ್ಕದಲ್ಲಿ. ಹೊಸ ಶೂ ಬೆರಳು ಕಚ್ಚುತ್ತಿತ್ತು. ದಾರಿಯಲ್ಲಿ ಬಾತುಕೋಳಿ ಮೇಯಿಸುತ್ತಿದ್ದ ಮುದುಕ "ಯಾರ ಮನೇಲಿ ನೀರು ತುಂಬ್ಕೊಂಡಿದೆ?" ಅಂತ ಕೂಗಿದ. ಅವಳು ನಿಲ್ಲಲಿಲ್ಲ.

ಮನೆಯಲ್ಲಿ ಅಮ್ಮ ಅಂಗಳದಲ್ಲೇ ಸ್ಟೂಲಿನ ಮೇಲೆ ಕೂತು ಚೀಲದ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದಳು. ಒಂದು ಕಣ್ಣಿಗೆ ಬಿಳೀ ಪಟ್ಟಿ ಕಟ್ಟಿಕೊಂಡ ಅಜ್ಜಿ ಇನ್ನೊಂದು ಕಣ್ಣಿನಲ್ಲಿ ಜಾಗ ಹುಡುಕಿ ಹುಡುಕಿ ಚೀಲದೊಳಗೆ ಬೇಯಿಸಿದ ಮೊಟ್ಟೆ ತುರುಕುತ್ತಿದ್ದಳು.

ಅಮ್ಮ ತಲೆಯೆತ್ತಿದಳು. "ಇದೇನೇ ಇದು? ಶಾಲೆ ಬಿಟ್ಟು ಬೋಗುಣಿ ಹೊತ್ಕೊಂಡು ಬಂದಿದ್ದೀಯ?"

ಮೇಷ್ಟ್ರು ಹೇಳಿದಂತೆಯೇ ಆಯಿತು. ಇನ್ನು ಉತ್ತರ ಕೊಡದೆ ವಿಧಿಯಿಲ್ಲ.

"ಹೋಂವರ್ಕು," ಅಂದಳು ಸೂಲಾನ್, ಏದುಸಿರು ಬಿಡುತ್ತ.

"ಏನು ಹೋಂವರ್ಕು?"

"ನಿಮ್ಮ ಕಾಲು."

ಅಮ್ಮ ಎರಡೂ ಕಾಲನ್ನು ಸರಕ್ಕನೆ ಸ್ಟೂಲಿನ ಕೆಳಗೆ ಎಳೆದುಕೊಂಡಳು. "ಅಯ್ಯೋ, ಬೇಡ ಬೇಡ. ನನ್ನ ಕಾಲು ನೋಡೋ ಹಾಗಿಲ್ಲ."

ಅವಳ ಕಿವಿಯೂ ಕೆಂಪಾಗಿತ್ತು. ನಾಚಿಕೆ ತನಗೊಬ್ಬಳಿಗೇ ಅಂದುಕೊಂಡಿದ್ದಳು ಸೂಲಾನ್. ಅಮ್ಮನಿಗೂ ನಾಚಿಕೆ!

"ಎಲಾ ಇವರ!" ಅಂದಳು ಅಜ್ಜಿ. "ಒಂದೇ ಕಣ್ಣಲ್ಲಿ ನಾಲ್ಕು ದಿನದಿಂದ ಇಬ್ಬರನ್ನೂ ನೋಡ್ತಾ ಇದ್ದೀನಿ, ನನಗೇ ಸಾಕಾಗಿದೆ. ಒಬ್ಬಳು ಆ ಮೂಲೆ, ಇನ್ನೊಬ್ಬಳು ಈ ಮೂಲೆ. ಮಗು ಕೇಳ್ತಿದೆ, ಕೊಡೇ ಕಾಲು!" ಅನ್ನುತ್ತಲೇ ಫ್ಲಾಸ್ಕಿನ ಬಿಸಿನೀರು ಬೋಗುಣಿಗೆ ಸುರಿದು, ಒಂದು ಚೊಂಬು ತಣ್ಣೀರು ಬೆರೆಸಿದಳು.

"ಒಂದು ಕಾಲು ಸಾಕು," ಅಂದಳು ಅಮ್ಮ. ಬಲಗಾಲಿನ ಚೀಲ ಮೆಲ್ಲಗೆ ತೆಗೆದಳು.

ಸೂಲಾನ್ ನೆಲದ ಮೇಲೆ ಕೂತು ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಅಂಗಾಲು ಮರದ ತೊಗಟೆಯ ಹಾಗೆ ಒರಟು. ಮಿಷನ್ನಿನ ಪೆಡಲು ಒತ್ತಿ ಒತ್ತಿ ಬೆರಳ ಬುಡದಲ್ಲಿ ಹಳದಿ ಆಣಿ ಎದ್ದಿತ್ತು. ಹಿಮ್ಮಡಿಯಲ್ಲಿ ಬಿರುಕು. ಹೂವಿನ ಎಸಳು ಅಂತ ಬರೆದದ್ದು ಸೂಲಾನ್‌ಗೆ ನೆನಪಾಯಿತು.

ನೀರು ಎರೆದು, ಬೆರಳುಗಳ ಸಂದಿ ಉಜ್ಜಿದಳು. ಉಜ್ಜುತ್ತ ಉಜ್ಜುತ್ತ ಅವಳ ಕೈ ನಿಂತಿತು.

ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳು ಉದ್ದ.

"ಅಮ್ಮಾ! ನಿಂದೂ ಹೀಗೇನಾ?"

"ಏನು?"

"ಈ ಬೆರಳು! ನಂದೂ ಹೀಗೇ ಇದೆ. ಶಾಲೇಲಿ ಎಲ್ಲ ಕೊಕ್ಕರೆ ಕಾಲು ಅಂತ ಆಡ್ಕೋತಾರೆ."

"ಎಲ್ಲಿ ತೋರಿಸು."

ಸೂಲಾನ್ ಶೂ ಕಿತ್ತೆಸೆದು, ಕಾಲುಚೀಲ ಎಳೆದು, ತನ್ನ ಕಾಲನ್ನೂ ಬೋಗುಣಿಯೊಳಗೆ ಅಮ್ಮನ ಕಾಲಿನ ಪಕ್ಕ ಇಟ್ಟಳು. ಒಂದು ದೊಡ್ಡದು, ಒಂದು ಚಿಕ್ಕದು. ಬೆರಳು ಮಾತ್ರ ಅಚ್ಚೊತ್ತಿದ ಹಾಗೆ ಒಂದೇ.

"ನೀನು ಹುಟ್ಟಿದ ದಿನ ನಾನು ಮೊದಲು ನೋಡಿದ್ದೇ ಇದನ್ನ," ಅಂದಳು ಅಮ್ಮ. "ಅಯ್ಯೋ ದೇವರೇ, ಕೂದಲು ಕೊಡಬಾರದಿತ್ತಾ ನಂದು, ಕಾಲು ಯಾಕೆ ಕೊಟ್ಟೆ ಅಂದಿದ್ದೆ." ಅಂದವಳು ಗಕ್ಕನೆ ಮಾತು ನಿಲ್ಲಿಸಿದಳು. ಮಗಳ ಬೆರಳ ತುದಿ ಕೆಂಪಗೆ ಊದಿಕೊಂಡಿತ್ತು. "ಇದೇನು? ಶೂ ಬಿಗೀನಾ?"

"ಸ್ವಲ್ಪ."

"ಸರಿಯಾಗಿದೆ ಅಂದಿದ್ದೆಯಲ್ಲೇ!"

"ನೀನು ತಂದಿದ್ದಲ್ವಾ, ಅದಕ್ಕೆ."

ಅಮ್ಮ ಮಗಳ ಕಾಲನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ "ಅವ್ವಾ, ಒಂದು ದಾರ ಕೊಡು" ಅಂದಳು. ಒದ್ದೆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಮ್ಮಡಿಯಿಂದ ಉದ್ದದ ಬೆರಳಿನ ತುದಿವರೆಗೂ ದಾರ ಹಿಡಿದು ಅಳೆದು, ಗಂಟು ಹಾಕಿ, ಜೇಬಿಗೆ ಇಟ್ಟುಕೊಂಡಳು. ಬೆರಳು ಸವರುವಾಗ ಸೂಲಾನ್‌ಗೆ ಕಚಗುಳಿಯಾಗಿ ಕಾಲು ಝಾಡಿಸಿದಳು. ನೀರು ಅಜ್ಜಿಯ ಮೈಮೇಲೆ ಹಾರಿತು. ಅಜ್ಜಿ ಬೈದಳು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೀಗೆ ನಗುವುದನ್ನು ಸೂಲಾನ್ ಫೋನಿನಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ನು.

ಅಮ್ಮ ಒದ್ದೆ ಕಾಲಿಗೇ ಕಾಲುಚೀಲ, ಶೂ ಏರಿಸಿದಳು. ಸೂಲಾನಳ ತಲೆಯನ್ನು ಎದೆಗೆ ಒಂದು ಸಲ ಗಟ್ಟಿಯಾಗಿ ಒತ್ತಿಕೊಂಡಳು. ಚೀಲ ಎತ್ತಿಕೊಂಡು ಓಡಿದಳು. ಸೂಲಾನ್ ಒಂದೇ ಕಾಲಿನ ಶೂನಲ್ಲಿ ಹಿಂದೆ ಹಿಂದೆ ರಸ್ತೆಯವರೆಗೂ ಓಡಿದಳು. ಬಸ್ಸು ತಿರುವು ದಾಟಿತು.

ಅವಳು ಶಾಲೆಗೆ ಬರುವಾಗ, ಅಲ್ಲಿ ದಿನಾ ಮಾಡಿಸುವ ಕಣ್ಣಿನ ವ್ಯಾಯಾಮ ನಡೆದಿತ್ತು. ಮೈಕಿನಲ್ಲಿ ಒಂದು, ಎರಡು, ಮೂರು ಅನ್ನುವ ದನಿಗೆ ಮಕ್ಕಳೆಲ್ಲ ಕಣ್ಣು ಮುಚ್ಚಿ ಹುಬ್ಬು ಒತ್ತಿಕೊಳ್ಳುತ್ತಿದ್ದರು. ಹಾಗಾಗಿ ಅವಳ ಅತ್ತ ಮುಖ ಯಾರೂ ನೋಡಲಿಲ್ಲ. ಮೇಷ್ಟ್ರೊಬ್ಬರು ಬಾಗಿಲಲ್ಲೇ ಕಾಯುತ್ತಿದ್ದರು.

ಸೂಲಾನ್ ಬೋಗುಣಿ ಕೆಳಗಿಟ್ಟಳು.

"ಆ ಪ್ರಬಂಧ ಹರಿದುಬಿಡಿ ಮೇಷ್ಟ್ರೇ. ಅದರಲ್ಲಿ ಒಂದು ಮಾತೂ ನಿಜ ಅಲ್ಲ. ಅಮ್ಮ ಅಳಲೇ ಇಲ್ಲ. ನಕ್ಕಳು."

"ನಾಳೆ ಓದೋದಕ್ಕೆ?"

"ನಾನು ಓದೋಲ್ಲ."

"ಸರಿ. ಕಣ್ಣೀರಿಂದು ಇನ್ನೂ ಇಪ್ಪತ್ತೆಂಟಿವೆ, ಯಾವುದನ್ನಾದರೂ ಓದಿಸಿದರಾಯಿತು." ಮೇಷ್ಟ್ರು ಪ್ರಬಂಧದ ಹಾಳೆಯನ್ನು ಪುಸ್ತಕದಿಂದ ಬಿಡಿಸಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಪುಸ್ತಕವನ್ನು ಅವಳ ಮುಂದೆ ಹಿಡಿದರು. "ಹೊಸದು ಬರಿ."

ಸೂಲಾನ್ ತೆಗೆದುಕೊಳ್ಳಲಿಲ್ಲ. ಅವಳಿಗೆ ಮತ್ತೆ ಅಳು ಒತ್ತಿ ಬಂತು.

"ಬರೆಯೋ ಹಾಗಿಲ್ಲ ಮೇಷ್ಟ್ರೇ. ಹೋಂವರ್ಕು ಪೂರ್ತಿ ಆಗಲೇ ಇಲ್ಲ. ಅಮ್ಮ ಒಂದೇ ಕಾಲು ಕೊಟ್ಟಿದ್ದು. ಬಲಗಾಲು ಮಾತ್ರ ತೊಳೆದೆ. ಅಷ್ಟರಲ್ಲಿ ಬಸ್ಸು ಬಂದುಬಿಡ್ತು. ಎಡಗಾಲು ಹಾಗೇ ಹೋಯ್ತು."

ಮೇಷ್ಟ್ರು ಬಗ್ಗಿ, ಪುಸ್ತಕವನ್ನು ಅವಳ ಕೈಯಲ್ಲಿಟ್ಟು ಬೆರಳು ಮಡಚಿದರು.

"ಎಡಗಾಲು ಬಾಕಿ ಇದೆ ಅಂತ ಬರಿ. ಬರೆದು ನನಗೆ ಕೊಡಬೇಡ, ಅಮ್ಮನಿಗೆ ಕಳಿಸು."