ಗರುಡಗಲ್ಲು ಅರಮನೆಗೆ ಬಂದ ಕೀಬೋರ್ಡ್ ಫೋನು

"ಈ ಬೆರಳು ಹುಟ್ಟಿದಾಗಿನಿಂದ ಒಂದೇ ಒಂದು ಅಕ್ಷರ ತಪ್ಪು ಒತ್ತಿಲ್ಲ!"

ಗರುಡಗಲ್ಲಿನ ದೊರೆ ಮುದ್ದರಂಗ ನಾಯಕರು ಹೀಗೆ ಗುಡುಗಿದಾಗ ಚಾವಡಿಯಲ್ಲಿದ್ದವರೆಲ್ಲ ನೆಲ ನೋಡಿದರು. ನೋಡದೆ ನಿಂತವಳು ನಾಗವೇಣಿ ಒಬ್ಬಳೇ.

ರಾಜ್ಯ ಹೋಗಿ ಎಷ್ಟೋ ಕಾಲವಾಗಿತ್ತು. ಅರಮನೆಯ ಅರ್ಧ ಈಗ ಹೋಟೆಲು, ಇನ್ನರ್ಧ ಮದುವೆ ಛತ್ರ. ಗತ್ತು ಮಾತ್ರ ಹಾಗೇ ಇತ್ತು. ಕೆಲಸದವರು ದೊರೆಯನ್ನು 'ಬುದ್ಧಿ' ಎಂದೇ ಕರೆಯಬೇಕು, ಅಪ್ಪಣೆಯಾದರೆ ಮರುಪ್ರಶ್ನೆ ಕೇಳಕೂಡದು. ಅಪ್ಪಣೆಗಳು ಈಚೆಗೆ ಫೋನಿನಲ್ಲಿ ಬರುತ್ತಿದ್ದವು.

ಹಿಂದಿನ ದಿನ ಛತ್ರ ನೋಡಿಕೊಳ್ಳುವ ಮಾದಪ್ಪನಿಗೆ ಅಪ್ಪಣೆ ಬಂತು: 'ಆರತಕ್ಷತೆಗೆ ಇನ್ನೂ ನೂರು ಕುರಿ ತರಿಸು.' ಪಾಪ, ಮಾದಪ್ಪ ಸುತ್ತಲ ಹಳ್ಳಿಗಳನ್ನೆಲ್ಲ ಅಲೆದು ಹಿಂಡು ಹಿಂಡಾಗಿ ಹೊಡೆಸಿಕೊಂಡು ಬಂದ. ದೊರೆಗೆ ಬೇಕಾಗಿದ್ದದ್ದು ಕುರ್ಚಿ. ಅದು ಗೊತ್ತಾಗುವಷ್ಟರಲ್ಲಿ ಒಂದು ಟಗರು ಮದುಮಗಳ ಹಾರವನ್ನು ಅರ್ಧ ತಿಂದು ಮುಗಿಸಿತ್ತು.

"ಈ ಗಾಜಿನ ಟಚ್ ಫೋನು ತಾನೇ ಏನೋ ಊಹಿಸಿಕೊಂಡು ಬರೆದುಬಿಟ್ಟಿತು. ಆದರೆ ಮಾದಪ್ಪನಿಗೆ ತಲೆ ಬೇಡವೇ? ಅವನು ಇವತ್ತೇ ಗಂಟುಮೂಟೆ ಕಟ್ಟಲಿ!" ಎಂದರು ದೊರೆ.

"ತಲೆ ಓಡಿಸಿದರೆ ಮರುಪ್ರಶ್ನೆ ಆಗುತ್ತಲ್ಲ, ಬುದ್ಧಿ" ಎಂದಳು ಅರಮನೆಯ ಕಚೇರಿ ನಡೆಸುತ್ತಿದ್ದ ನಾಗವೇಣಿ.

"ನಿನ್ನ ಬಾಯಿಗೊಂದು ಕೆಲಸ ಕೊಡ್ತೀನಿ, ಇರು" ಎಂದು ದೊರೆ ಪಕ್ಕದಲ್ಲಿದ್ದವನ ಕಡೆ ಕೈ ತೋರಿಸಿದರು. ಅವನು ನವನೀತ, ಬೆಂಗಳೂರಿನ ಫೋನು ಮಾರುವವನು. ಅವನ ಅಂಗೈಯಲ್ಲಿ ಕರಿಯ ಫೋನೊಂದು ಕೂತಿತ್ತು. ಮೇಲರ್ಧ ಪರದೆ, ಕೆಳಗರ್ಧ ಒತ್ತೊತ್ತಾಗಿ ಕೀಲಿಗಳು, ಒಂದೊಂದರ ಮೇಲೂ ಕನ್ನಡ ಅಕ್ಷರ.

"ವ್ಯವಹಾರಸ್ಥರಿಗೇ ಅಂತ ಮಾಡಿದ್ದು" ಎಂದ ನವನೀತ.

"ನಾಗವೇಣಿ, ಇದನ್ನು ಪರೀಕ್ಷೆ ಮಾಡಿ ಸಂಜೆಯೊಳಗೆ ಹೇಳು" ಎಂದರು ದೊರೆ. "ಒಳ್ಳೆಯದು ಅಂದರೆ, ಇವನ ಜೊತೆ ಶಾಮೀಲಾಗಿದ್ದೀಯ ಅಂತೀನಿ. ಕೆಟ್ಟದ್ದು ಅಂದರೆ, ನಾನು ಮೆಚ್ಚಿದ್ದನ್ನು ಹಳಿದೆ ಅಂತೀನಿ. ಎರಡಕ್ಕೂ ಸಿಕ್ಕದೆ ಉತ್ತರ ಕೊಟ್ಟರೆ ಮಾದಪ್ಪ ಉಳಿದ. ಇಲ್ಲದಿದ್ದರೆ ಅವನ ಹಿಂದೆ ನೀನು!"

ಬಾಗಿಲ ಬಳಿ ನಿಂತಿದ್ದ ಮಾದಪ್ಪನ ಮುಖ ನೋಡಿ ನಾಗವೇಣಿ ಕಣ್ಣಲ್ಲೇ ಧೈರ್ಯ ಹೇಳಿದಳು. ಫೋನು ತೆಗೆದುಕೊಂಡು ಕಚೇರಿಗೆ ಹೋದಳು.

ಮೇಲ್ ಬರೆದು ನೋಡಿದಳು, ಸಲೀಸಾಗಿತ್ತು. ಕೀಲಿ ಒತ್ತಿದರೆ 'ಟಕ್' ಎಂದು ಹಿತವಾಗಿ ಕೇಳುತ್ತಿತ್ತು. ಹೋಟೆಲಿನ ಕೋಣೆಗಳ ಬುಕಿಂಗ್ ನೋಡಲು ಹೋದರೆ ಪರದೆ ಸಾಲದು, ಸರಿಸಿ ಸರಿಸಿ ಬೆರಳು ಸೋತಿತು. ಮತ್ತೆ ಕೀಲಿಗಳನ್ನೇ ನೋಡುತ್ತಾ ಕೂತಳು. ಹುರಿಗಡಲೆಯಷ್ಟು ಗಾತ್ರ. 'ವ'ದ ಮಗ್ಗುಲಿಗೇ 'ಲ'. ದೊರೆಯ ಹೆಬ್ಬೆರಳೋ, ಬಜ್ಜಿ ಮೆಣಸಿನಕಾಯಿಯಷ್ಟು ದಪ್ಪ! ನಾಗವೇಣಿ ಎದ್ದು ಚಾವಡಿಗೆ ಮರಳಿದಳು.

"ನವನೀತ ಅವರೇ, ಇದೂ ತಾನಾಗಿ ಊಹೆ ಮಾಡುತ್ತಾ?"

"ಇಲ್ಲವೇ ಇಲ್ಲ ಮೇಡಂ. ಬೆರಳು ಏನು ಒತ್ತುತ್ತೋ ಅದೇ. ದೇವರಾಣೆ!"

"ಹಾಗಾದರೆ ಬುದ್ಧಿ, ಇದರಲ್ಲಿ ಬಂದದ್ದೆಲ್ಲ ತಮ್ಮ ಅಪ್ಪಣೆಯೇ ತಾನೆ?"

"ನನ್ನ ಬಾಯಿಂದ ಬಂದ ಹಾಗೆ! ಕಣ್ಣು ಮುಚ್ಚಿಕೊಂಡು ಮಾಡಬೇಕು."

"ಮಧ್ಯಾಹ್ನದ ಹಾಲಿನ ಹೊತ್ತಾಯಿತು. ಮೊದಲ ಅಪ್ಪಣೆ ಅದೇ ಆಗಲಿ" ಎಂದು ನಾಗವೇಣಿ ಫೋನನ್ನು ದೊರೆಗೆ ಕೊಟ್ಟಳು.

ದೊರೆ ಒಂದು ಕೈಯಲ್ಲಿ ವೀಳ್ಯ ಮಡಿಸುತ್ತಾ, ನವನೀತನ ಹೊಗಳಿಕೆಗೆ ತಲೆದೂಗುತ್ತಾ, ಇನ್ನೊಂದು ಕೈಯಲ್ಲಿ ಟಕಟಕ ಒತ್ತಿದರು. ನಾಗವೇಣಿ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಸರಿಯಾಗಿ ಒತ್ತಿಬಿಟ್ಟರೆ ಕತೆ ಮುಗಿಯಿತಲ್ಲ!

ಅವಳ ಫೋನು ಗುಣುಗುಟ್ಟಿತು. ಓದಿದಳು. ನಿಡಿದಾದ ಉಸಿರು ಬಿಟ್ಟು, "ಅಪ್ಪಣೆ, ಬುದ್ಧಿ" ಎಂದು ಹೊರಟಳು.

ಬಹಳ ಹೊತ್ತಾಯಿತು. ತೂಗುಮಂಚದ ಮೇಲೆ ಕೂತು ಕಾದು ಕಾದು ದೊರೆಗೆ ಆಕಳಿಕೆ ಬಂತು. ಕೊನೆಗೆ ನಾಗವೇಣಿ ಬಂದಳು. ಹಿಂದೆ ಊರಿನ ಹಾವು ಹಿಡಿಯುವ ಫಕ್ರುದ್ದೀನ್, ಅವನ ಕೈಯಲ್ಲೊಂದು ಚೀಲ. ಮಂಚದ ಪಕ್ಕಕ್ಕೆ ಬಂದು ಅವನು ಚೀಲದ ಬಾಯಿ ಸಡಿಲಿಸಿದ. ಮಾರುದ್ದದ ಕೇರೆಹಾವೊಂದು ತಲೆ ಹೊರಗೆ ಹಾಕಿ ದೊರೆಯನ್ನೇ ನೋಡಿತು.

ದೊರೆ ಮಂಚದಿಂದ ಕಿಟಕಿಗೆ ಹೇಗೆ ಹಾರಿದರೋ ಅವರಿಗೇ ಗೊತ್ತಿಲ್ಲ. ಸರಳು ಹಿಡಿದು ನೇತಾಡುತ್ತಾ ಕೂಗಿದರು: "ಯಾರೇ ಹಾವು ಕೇಳಿದ್ದು?"

"ಬುದ್ಧಿಯವರೇ. 'ಮಂಚದ ಹತ್ತಿರ ಹಾವು ತಂದಿಡು.' ನನ್ನ ಫೋನಿನಲ್ಲೇ ಇದೆ ನೋಡಿ."

"ನಾನು ಹೇಳಿದ್ದು ಹಾಲು! ಈ ಫೋನು ತಪ್ಪು ಬರೆದಿದೆ!"

"ಸಾಧ್ಯವೇ ಇಲ್ಲ ಸಾರ್!" ನವನೀತನಿಗೆ ಇದು ಮರ್ಯಾದೆಯ ಪ್ರಶ್ನೆಯಾಗಿತ್ತು. "'ಲ' ಪಕ್ಕದಲ್ಲೇ 'ವ' ಇದೆ. ತಾವು ಒತ್ತಿದ್ದೇ ವ."

"ಹಾವು ತರೋ ಮೊದಲು ಒಂದು ಮಾತು ಕೇಳಬಾರದಿತ್ತೇನೇ?"

"ಮಾದಪ್ಪ ಕೂಡ ಕೇಳಲಿಲ್ಲ, ಬುದ್ಧಿ. ಕೇಳಿದ್ದರೂ ಕೆಲಸ ಹೋಗುತ್ತಿತ್ತು, ಕೇಳದಿದ್ದರೂ ಹೋಗುತ್ತಿದೆ."

ಫಕ್ರುದ್ದೀನ್ ಹಾವನ್ನು ಚೀಲಕ್ಕೆ ಸೇರಿಸಿ ಬಾಯಿ ಕಟ್ಟಿದ ಮೇಲೆ ದೊರೆ ಮೆಲ್ಲಗೆ ಇಳಿದು ಪಂಚೆ ಸರಿಮಾಡಿಕೊಂಡರು. ಸೋಲು ಒಪ್ಪುವುದು ಅವರಿಗೆ ಅಭ್ಯಾಸವಿರಲಿಲ್ಲ.

"ಅದಿರಲಿ. ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಫೋನು ಒಳ್ಳೆಯದೋ ಕೆಟ್ಟದ್ದೋ?"

ನಾಗವೇಣಿ ಕೈಮುಗಿದಳು.

"ಫೋನಿನದು ಏನೂ ತಪ್ಪಿಲ್ಲ. ತಪ್ಪಿದ್ದು ಬುದ್ಧಿ."

ನವನೀತ ಒಂದು ಹೆಜ್ಜೆ ಹಿಂದೆ ಸರಿದ.

"ಯಾವ ಬುದ್ಧಿ?" ದೊರೆಯ ಹುಬ್ಬು ಮೇಲೇರಿತು. "ತಲೆಯೊಳಗಿನದೋ, ಎದುರಿಗಿರೋದೋ?"

"ಅದನ್ನು ಬುದ್ಧಿಯೇ ತೀರ್ಮಾನ ಮಾಡಬೇಕು, ಬುದ್ಧಿ!"

ದೊರೆಯ ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ ಕುಣಿಯಿತು, ಕೊನೆಗೆ ತೂಗುಮಂಚದ ಸರಪಳಿಯೆಲ್ಲ ಗಲಗಲ ಎನ್ನುವ ಹಾಗೆ ನಕ್ಕರು. ಕಣ್ಣೊರೆಸಿಕೊಂಡು ಮಾದಪ್ಪನನ್ನು ಕರೆದು, "ಗಂಟುಮೂಟೆ ಬಿಚ್ಚೋ" ಎಂದರು. ಫೋನನ್ನು ನಾಗವೇಣಿಯ ಕೈಗಿತ್ತು, "ಇದು ನಿನ್ನದೇ. ಇನ್ನು ಮೇಲೆ ನಾನು ಬಾಯಲ್ಲಿ ಹೇಳ್ತೀನಿ, ನೀನು ಒತ್ತು" ಎಂದರು.

"ಏನಂತ ಒತ್ತಲಿ, ಬುದ್ಧಿ?"

"ಹಾಲು ಅಂತ ಒತ್ತು ತಾಯಿ. ನಿಧಾನವಾಗಿ ಒತ್ತು!"