ಎರಡೇ ಸೀಟಿನ ಕೆಂಪು ಕಾರು

ಇದನ್ನ ಯಾರಿಗೂ ಹೇಳಬಾರದು ಅಂತ ನಮ್ಮ ಚಿಕ್ಕಪ್ಪ ಆಣೆ ಹಾಕಿಸ್ಕೊಂಡಿದ್ರು. ಆದ್ರೂ ಹೇಳ್ತೀನಿ.

ಚಿಕ್ಕಪ್ಪ ಮಂಡ್ಯದ ರೈಸ್ ಮಿಲ್ ಶಿವನಂಜಪ್ಪನವರ ಡ್ರೈವರ್. ಒಂದಿನ ಯಜಮಾನ್ರು ಅವರನ್ನ ಮೈಸೂರಿನ ಶೋರೂಮಿಗೆ ಕರ್ಕೊಂಡು ಹೋದ್ರು. ಅಲ್ಲಿ ಎರಡು ಕಾರು. ಒಂದು ಬೂದು ಬಣ್ಣದ್ದು, ನಾಲ್ಕು ಬಾಗಿಲು, ಓಟದಲ್ಲಿ ಗಾಳಿ. ಇನ್ನೊಂದು ಕೆಂಪು, ನೆಲಕ್ಕೆ ಅಂಟಿಕೊಂಡ ಹಾಗೆ, ಎರಡೇ ಸೀಟು. ಚಿಕ್ಕಪ್ಪನಿಗೆ ಆ ಕೆಂಪು ಕಾರಿಂದ ಕಣ್ಣು ಕೀಳೋಕೇ ಆಗ್ಲಿಲ್ಲ.

"ಕೆಂಪು ಕಾರೇ ತಗೋತೀನಿ ಕಣಯ್ಯ. ನಾನೇ ಓಡಿಸ್ತೀನಿ. ನೀನಿನ್ನು ಬರೋದು ಬೇಡ," ಅಂದ್ರು ಯಜಮಾನ್ರು.

ಹದಿನೆಂಟು ವರ್ಷದ ಕೆಲಸ! ಚಿಕ್ಕಪ್ಪ ತಲೆ ಕೆರ್ಕೊಂಡ್ರು.

"ಬಲೇ ಚೆನ್ನಾಗಿದೆ ಬುದ್ಧಿ. ಆದ್ರೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಮೊದಲನೇ ಸುತ್ತು ಹೋಗ್ತೀರಲ್ಲ, ಪಕ್ಕದಲ್ಲಿ ಯಾರನ್ನ ಕೂರಿಸ್ತೀರಿ? ನಿಮ್ಮ ತಾಯಿಯವರನ್ನೋ, ಯಜಮಾನ್ತಿ ಅಮ್ಮಾವ್ರನ್ನೋ?"

ಯಜಮಾನ್ರು ಕರ್ಚೀಫಲ್ಲಿ ಕುತ್ತಿಗೆ ಒರೆಸ್ಕೊಂಡ್ರು.

"ಒಬ್ಬರನ್ನ ಮೊದಲು, ಇನ್ನೊಬ್ಬರನ್ನ ಆಮೇಲೆ..."

"ಮೊದಲು ಯಾರು ಬುದ್ಧಿ?"

ಯಜಮಾನ್ರು "ಥೂ ನಿನ್ನ!" ಅಂತ ಬೈದು, ಶೋರೂಮಿನವನಿಗೆ "ಆ ಬೂದು ಕಾರೇ ಕೊಡಪ್ಪ, ಇಬ್ರೂ ಹಿಂದೆ ಕೂರ್ಲಿ, ಇವನೇ ಓಡಿಸ್ಲಿ" ಅಂದ್ರು.

ಕೆಲಸ ಉಳೀತು. ಚಿಕ್ಕಮ್ಮ ಪಾಯಸ ಮಾಡಿದ್ರು. ಚಿಕ್ಕಪ್ಪ ಎರಡು ಚಮಚ ತಿಂದು ಬಟ್ಟಲು ಪಕ್ಕಕ್ಕಿಟ್ರು.

ಭಾನುವಾರ ಒಬ್ಬರೇ ಬಸ್ ಹತ್ತಿ ಮೈಸೂರಿಗೆ ಹೋದ್ರು, ಆ ಕೆಂಪು ಕಾರಲ್ಲಿ ಒಂದೇ ಒಂದ್ಸಲ ಸ್ಟೇರಿಂಗ್ ಹಿಡಿದು ಕೂತು ಬರೋಣ ಅಂತ. ಶೋರೂಮಿಗೆ ರಜೆ, ಗಾಜಿನ ಬಾಗಿಲು ಹಾಕಿತ್ತು. ಒಳಗೆ ಕಾರು ಕಾಣ್ತಿತ್ತು. ಚಿಕ್ಕಪ್ಪ ಬಾಗಿಲು ತಟ್ಟಿದ್ರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ ತಟ್ಟಿದ್ರು. ಯಾರೂ ಬರ್ಲಿಲ್ಲ.